ಲೇಟೆಸ್ಟ್ ಡ್ರಾಯಿಂಗ್ ಯಾವುದು?

ಎಚ್‌ಸಿಎಚ್‌ಸಿಆರ್ ಉಕ್ಕಿನ ಒಂದು ಡೈ ಪ್ಲೇಟು. ಮಿಲ್ಲಿಂಗ್ ಮುಗಿದಿದೆ, ತೂತುಗಳು ಬಿದ್ದಿವೆ, ಹೀಟ್ ಟ್ರೀಟ್‌ಮೆಂಟಿಗೆ ಹೋಗಿ 58-60 ಎಚ್‌ಆರ್‌ಸಿ ಗಡಸಾಗಿ ಬಂದಿದೆ. ಇನ್ನು ಅದರ ಮೇಲೆ ಮಾಮೂಲಿ ಡ್ರಿಲ್ ಓಡದು. ಏನಿದ್ದರೂ ವೈರ್‌ಕಟ್ಟು, ಗ್ರೈಂಡಿಂಗು. ಅಷ್ಟರಲ್ಲಿ ಬೆಂಗಳೂರಿನ ಪೀಣ್ಯದ ಟೂಲ್‌ರೂಮಿನ ಸೂಪರ್‌ವೈಸರಿಗೆ ಫೋನು ಬರುತ್ತದೆ.

“ಅಣ್ಣ, ಆ ಡವೆಲ್ ಹೋಲ್ ಎರಡು ಎಂಎಂ ಶಿಫ್ಟ್ ಆಗಿದೆ. ಹೊಸ ಡ್ರಾಯಿಂಗ್ ನೋಡಿದ್ರಿ ಅಲ್ವಾ?”

“ಯಾವ ಹೊಸ ಡ್ರಾಯಿಂಗ್ ಸಾರ್? ನಮ್ಮ ಹತ್ರ ಇರೋದು ರೆವ್ ಸಿ.”

“ಡಿ ಆಗಿ ವಾರ ಆಯ್ತಲ್ಲ ಅಣ್ಣ, ಮೇಲ್ ಹಾಕಿದ್ವಿ.”

ಮೇಲ್ ಹೋಗಿದ್ದು ಪರ್ಚೇಸಿನವರಿಗೆ. ಅವರು ಅದನ್ನು ಮುಂದಕ್ಕೆ ಕಳಿಸುವ ಹೊತ್ತಿಗೆ ಹಳೆಯ ಪ್ರಿಂಟು ಮೆಷಿನ್ ಪಕ್ಕದ ಬೋರ್ಡಿಗೆ ಏರಿಯಾಗಿತ್ತು. ಎರಡು ಮಿಲಿಮೀಟರ್ ಸರಿದ ಹೊಸ ತೂತು ಹಳೆಯ ತೂತಿನ ಅಂಚನ್ನೇ ಕಡಿದುಕೊಂಡು ಹೋಗುವುದರಿಂದ ರೀವರ್ಕಿಗೂ ದಾರಿಯಿಲ್ಲ. ಪ್ಲೇಟು ಸ್ಕ್ರ್ಯಾಪು. ಉಕ್ಕಿನ ಬೆಲೆ, ಮೆಷಿನ್ ಗಂಟೆ, ಹೀಟ್ ಟ್ರೀಟ್‌ಮೆಂಟಿನ ಬಿಲ್ಲು ಎಲ್ಲವೂ ಹೆಚ್ಚಿನ ಸಲ ಬೀಳುವುದು ಟೂಲ್‌ರೂಮಿನ ತಲೆಯ ಮೇಲೆಯೇ.

ಪೀಣ್ಯದಲ್ಲಿ ಜಾಬ್‌ವರ್ಕ್ ಮಾಡುವ ಯಾರನ್ನು ಮಾತಿಗೆಳೆದರೂ ಇಂಥದ್ದೊಂದು ಕಥೆ ಹೊರಬೀಳುತ್ತದೆ. ಆ ಡ್ರಾಯಿಂಗು ಹುಟ್ಟಿದ್ದು ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಇರುವ ಎಂಜಿನಿಯರಿಂಗ್ ಕೇಂದ್ರದಲ್ಲಿ. ಅಲ್ಲಿಂದ ಜರ್ಮನಿಗೋ ಅಮೆರಿಕಕ್ಕೋ ಹೋಗಿ, ಅಲ್ಲಿನವರ ಒಪ್ಪಿಗೆ ಪಡೆದು ಬಂದಿದೆ. ಸಮುದ್ರ ದಾಟಿ ಹೋಗಿ ಬಂದಾಗ ಅದರ ರಿವಿಜನ್ ತಪ್ಪಲಿಲ್ಲ. ತಪ್ಪಿದ್ದು ವೈಟ್‌ಫೀಲ್ಡಿನಿಂದ ಪೀಣ್ಯದವರೆಗಿನ ಸುಮಾರು 30 ಕಿಲೋಮೀಟರಿನಲ್ಲಿ. ದೂರದ ಕಚೇರಿಗಳು ಒಂದೇ ಸರ್ವರಿನಲ್ಲಿ ಸೇರಿ ವಿನ್ಯಾಸ ಮಾಡುವುದು ಹೇಗೆ ಎಂಬುದನ್ನು ನಲವತ್ತು ವರ್ಷಗಳಿಂದ ಕಲಿಯುತ್ತ ಬಂದ ಊರು ಇದು. ಆ ಕಲಿಕೆ ಪೀಣ್ಯದ ಶೆಡ್ಡುಗಳಿಗೂ ತಲುಪಬೇಕು ಎಂಬುದು ನನ್ನ ವಾದ.

ಕಲಿಕೆ ಶುರುವಾದದ್ದು 1985ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ಕಚೇರಿ ತೆರೆದಾಗ. ಚಿಪ್ ವಿನ್ಯಾಸಕ್ಕೆ ಬೇಕಾದ ಕ್ಯಾಡ್ ತಂತ್ರಾಂಶ ಬರೆಯುವುದು ಇಲ್ಲಿನ ಎಂಜಿನಿಯರುಗಳ ಮೊದಲ ಕೆಲಸವಾಗಿತ್ತು. ಬರೆದದ್ದನ್ನು ಅಮೆರಿಕದವರ ಜತೆ ದಿನವೂ ಹಂಚಿಕೊಳ್ಳಬೇಕು. ಅಂದಿನ ಟೆಲಿಫೋನ್ ತಂತಿಯನ್ನು ನಂಬಿ ಅದು ಆಗುವ ಮಾತಲ್ಲ. ಕಂಪನಿ ತನ್ನದೇ ಉಪಗ್ರಹ ಸಂಪರ್ಕ ಬೇಕೆಂದು ಪಟ್ಟು ಹಿಡಿಯಿತು, ಸರ್ಕಾರದ ಅನುಮತಿಗಳನ್ನು ಒಂದೊಂದಾಗಿ ದಾಟಿ ಅದನ್ನು ಪಡೆಯಿತು. ಆ ಉಪಕರಣ ಎತ್ತಿನ ಗಾಡಿಯಲ್ಲಿ ಬಂದಿಳಿದ ಫೋಟೊ ಬೆಂಗಳೂರಿನ ಐಟಿ ಚರಿತ್ರೆಯಲ್ಲಿ ಪ್ರಸಿದ್ಧ. ಫೋಟೊ ನೋಡಿದವರು ಗಾಡಿಯನ್ನು ನೆನಪಿಟ್ಟುಕೊಳ್ಳುತ್ತಾರೆ. ಆದರೆ ಬೆಂಗಳೂರಿನ ಎಂಜಿನಿಯರ್ ಮತ್ತು ಡಲ್ಲಾಸಿನ ಎಂಜಿನಿಯರ್ ಒಂದೇ ವಿನ್ಯಾಸದ ಮೇಲೆ ಒಂದೇ ದಿನ ಕೈಯಿಡುವುದು ಸಾಧ್ಯವಾದದ್ದು ಅಲ್ಲಿಂದ. ಅದಕ್ಕೆ ಮುಂಚೆ ಮ್ಯಾಗ್ನೆಟಿಕ್ ಟೇಪಿನಲ್ಲಿ ತುಂಬಿ ವಿಮಾನಕ್ಕೆ ಹಾಕುವ ಕಾಲ.

ಅದಕ್ಕೂ ಮೊದಲೇ, 1978ರಲ್ಲಿ, ಕಿಯೋನಿಕ್ಸ್ ಸಂಸ್ಥೆ ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗರ ಕನಸಿನಂತೆ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಿತ್ತು. 1991ರಲ್ಲಿ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಬಂದ ಮೇಲೆ ಸಣ್ಣ ಕಂಪನಿಗಳಿಗೂ ಉಪಗ್ರಹ ಸಂಪರ್ಕ ಬಾಡಿಗೆಗೆ ಸಿಗತೊಡಗಿತು. ಸಾಮಾನ್ಯವಾಗಿ ಸಿಗುತ್ತಿದ್ದದ್ದು ಸೆಕೆಂಡಿಗೆ 64 ಕಿಲೋಬಿಟ್. ಆ ವೇಗದಲ್ಲಿ 100 ಎಂಬಿ ಫೈಲೊಂದು ದಾಟಲು ಸುಮಾರು ಮೂರೂವರೆ ಗಂಟೆ ಬೇಕು. ಹಾಗಾಗಿ ಏನನ್ನು ಕಳಿಸಬೇಕು, ಯಾವಾಗ ಕಳಿಸಬೇಕು, ಕಳಿಸಿದ್ದು ಎಷ್ಟನೇ ಆವೃತ್ತಿ ಎಂಬ ಶಿಸ್ತು ಆ ತಲೆಮಾರಿಗೆ ಅನಿವಾರ್ಯವಾಗಿ ಬಂತು. 1996ರಲ್ಲಿ ಬೆಂಗಳೂರಿಗೆ ಬಂದ ಮರ್ಸಿಡಿಸ್-ಬೆಂಜ್ ಸಂಶೋಧನಾ ಕೇಂದ್ರ, 2000ದಲ್ಲಿ ವೈಟ್‌ಫೀಲ್ಡಿನಲ್ಲಿ ತೆರೆದ ಜಿಇಯ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರ, ಇವೆಲ್ಲ ಆ ಶಿಸ್ತಿನ ಮೇಲೆ ಬೆಳೆದವು.

ಈಗ ಪೀಣ್ಯದ ಸಣ್ಣ ಘಟಕಕ್ಕೂ ನೂರಿನ್ನೂರು ಎಂಬಿಪಿಎಸ್ ಫೈಬರ್ ಸಿಗುತ್ತದೆ. ಹಾಗಿದ್ದ ಮೇಲೆ ಒಂದು ಕಚೇರಿಯಲ್ಲಿ ಸರ್ವರ್ ಇಟ್ಟು, ಫೋಲ್ಡರ್ ಶೇರ್ ಮಾಡಿ, ಇನ್ನೊಂದು ಕಚೇರಿಯಿಂದ ತೆರೆದರೆ ಆಯಿತಲ್ಲ ಎಂದು ಯಾರಿಗಾದರೂ ತೋಚುತ್ತದೆ. ಸಾಮಾನ್ಯವಾಗಿ ಎಲ್ಲರೂ ಮೊದಲು ಮಾಡುವುದೂ ಅದನ್ನೇ. ವರ್ಡ್ ಫೈಲು, ಎಕ್ಸೆಲ್ ಶೀಟು ಹೇಗೋ ತೆರೆದುಕೊಳ್ಳುತ್ತವೆ. ದೊಡ್ಡ ಅಸೆಂಬ್ಲಿ ತೆರೆಯಲು ಹೋದಾಗ ಪರದೆ ನಿಂತಲ್ಲೇ ನಿಲ್ಲುತ್ತದೆ.

ಕಾರಣ ಇಷ್ಟು. ಒಂದು ಗೇರ್‌ಬಾಕ್ಸಿನ ಅಸೆಂಬ್ಲಿ ಎಂದರೆ ಒಂದೇ ಫೈಲಲ್ಲ. ಬೋಲ್ಟು, ವಾಷರು, ಬೇರಿಂಗು, ಹೌಸಿಂಗು, ಪ್ರತಿಯೊಂದೂ ಬೇರೆ ಫೈಲು. ಮೇಲಿನ ಫೈಲು ಅವನ್ನೆಲ್ಲ ಹೆಸರು ಹಿಡಿದು ಕರೆಯುತ್ತದೆ. ಪರದೆಯಲ್ಲಿ ಕಾಣುವ ಶೇರ್ಡ್ ಫೋಲ್ಡರಿನ ಹಿಂದೆ ಎಸ್‌ಎಂಬಿ ಎಂಬ ಪ್ರೋಟೊಕಾಲ್ ಕೆಲಸ ಮಾಡುತ್ತಿರುತ್ತದೆ. ಒಂದೊಂದು ಫೈಲಿಗೂ ಅದು ಹಲವು ಸಲ ಹೋಗಿ ಬರುತ್ತದೆ: ಇದೆಯಾ, ತೆರೆಯಲು ಅನುಮತಿ ಇದೆಯಾ, ಬೇರೆ ಯಾರಾದರೂ ಹಿಡಿದಿದ್ದಾರಾ, ಗಾತ್ರ ಎಷ್ಟು, ಮೊದಲ ತುಂಡು ಕೊಡು. ಅಡುಗೆಗೆ ಕೂತವರು ಉಪ್ಪಿಗೊಮ್ಮೆ, ಬೇಳೆಗೊಮ್ಮೆ, ಸಾಸಿವೆಗೊಮ್ಮೆ ಅಂಗಡಿಗೆ ಓಡಿದ ಹಾಗೆ. ಅಂಗಡಿ ಪಕ್ಕದ ಮನೆಯಾದರೆ ಚಿಂತೆಯಿಲ್ಲ.

ಲೆಕ್ಕ ಹಾಕಿ ನೋಡೋಣ. ಅಸೆಂಬ್ಲಿಯಲ್ಲಿ 2000 ಫೈಲುಗಳಿವೆ, ಒಂದೊಂದಕ್ಕೂ 10 ಸಲ ಹೋಗಿ ಬರಬೇಕು ಎಂದಿಟ್ಟುಕೊಳ್ಳಿ. ಅದೇ ಕಟ್ಟಡದ ಸರ್ವರಿಗೆ ಒಂದು ಸಲ ಹೋಗಿ ಬರಲು ಅರ್ಧ ಮಿಲಿಸೆಕೆಂಡ್ ಸಾಕು. ಒಟ್ಟು 10 ಸೆಕೆಂಡ್. ಪೀಣ್ಯದಿಂದ ವೈಟ್‌ಫೀಲ್ಡಿಗೆ 5 ಮಿಲಿಸೆಕೆಂಡ್ ಹಿಡಿದರೆ ಒಟ್ಟು 100 ಸೆಕೆಂಡ್. ಕಿರಿಕಿರಿ, ಆದರೂ ತಡೆದುಕೊಳ್ಳಬಹುದು. ಜರ್ಮನಿಗೆ 150 ಮಿಲಿಸೆಕೆಂಡ್ ಹಿಡಿದರೆ 50 ನಿಮಿಷ! ಲೈನಿನ ವೇಗವನ್ನು ಹತ್ತು ಪಟ್ಟು ಏರಿಸಿದರೂ ಈ 50 ನಿಮಿಷ ಅಷ್ಟೇನೂ ಇಳಿಯದು. ರಸ್ತೆ ಎಷ್ಟೇ ಅಗಲವಾದರೂ ಹೋಗಿ ಬರುವ ದೂರ ಕಡಿಮೆಯಾಗುವುದಿಲ್ಲ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ, ಅದಕ್ಕಿಂತ ವೇಗ ಯಾವ ಕಂಪನಿಯ ಪ್ಲಾನಿನಲ್ಲೂ ಸಿಗುವುದಿಲ್ಲ. ಯುರೋಪಿನ ದಾರಿಯಂತೂ ಕೆಂಪು ಸಮುದ್ರದ ತಳದ ಕೇಬಲ್ಲುಗಳನ್ನು ನೆಚ್ಚಿಕೊಂಡಿದೆ. 2024ರ ಆರಂಭದಲ್ಲಿ ಅಲ್ಲಿ ಕೇಬಲ್ಲುಗಳು ತುಂಡಾದಾಗ ಏಷ್ಯಾ-ಯುರೋಪ್ ನಡುವಿನ ಮಾಹಿತಿ ಬೇರೆ ದಾರಿ ಹುಡುಕಬೇಕಾಯಿತು. ಸರ್ವರ್ ನಿಧಾನ ಎಂದೊಡನೆ ದೊಡ್ಡ ಲೀಸ್ಡ್ ಲೈನಿಗೆ ದುಡ್ಡು ಸುರಿಯುವ ಮೊದಲು, ಎರಡು ಕಚೇರಿಯ ನಡುವೆ ಪಿಂಗ್, ಅಂದರೆ ಹೋಗಿ ಬರುವ ಸಮಯ, ಎಷ್ಟು ಬರುತ್ತದೆ ಎಂದು ನೋಡಿಕೊಳ್ಳಬೇಕು. ಅದಕ್ಕೆ ಖರ್ಚೇನೂ ಇಲ್ಲ.

ದೊಡ್ಡ ಕೇಂದ್ರಗಳು ಕಂಡುಕೊಂಡ ಉಪಾಯ ಸರಳ. ಫೈಲುಗಳ ಪ್ರತಿ ಎಲ್ಲ ಊರಿನಲ್ಲೂ ಇರುತ್ತದೆ. ಅವುಗಳ ರಿಜಿಸ್ಟರ್ ಮಾತ್ರ ಒಂದೇ ಕಡೆ. ಟೀಮ್‌ಸೆಂಟರ್, ವಿಂಡ್‌ಚಿಲ್, ಸಾಲಿಡ್‌ವರ್ಕ್ಸ್ ಪಿಡಿಎಂ, ಆಟೊಡೆಸ್ಕ್ ವಾಲ್ಟ್ ಎಂಬ ಹೆಸರುಗಳ ಹಿಂದೆಲ್ಲ ಹೆಚ್ಚುಕಡಿಮೆ ಇದೇ ಏರ್ಪಾಡಿದೆ. ವೈಟ್‌ಫೀಲ್ಡಿನ ಎಂಜಿನಿಯರ್ ಒಂದು ಭಾಗವನ್ನು ತಿದ್ದಬೇಕೆಂದರೆ ಮೊದಲು ಚೆಕ್‌ಔಟ್ ಮಾಡುತ್ತಾರೆ. ಆ ಕ್ಷಣವೇ ರಿಜಿಸ್ಟರಿನಲ್ಲಿ ಅವರ ಹೆಸರು ಬೀಳುತ್ತದೆ; ಸ್ಟಟ್‌ಗಾರ್ಟಿನಲ್ಲಿ ಕೂತವರಿಗೆ ಅದು ಬೀಗ ಹಾಕಿದಂತೆ ಕಾಣುತ್ತದೆ, ಓದಬಹುದು, ಮುಟ್ಟುವಂತಿಲ್ಲ. ಕೆಲಸವೆಲ್ಲ ನಡೆಯುವುದು ಇಲ್ಲಿನ ಡಿಸ್ಕಿನ ಮೇಲೆ, ಇಲ್ಲಿನ ವೇಗದಲ್ಲಿ. ಮುಗಿಸಿ ಚೆಕ್‌ಇನ್ ಮಾಡಿದಾಗ ಹೊಸ ಆವೃತ್ತಿ ಹುಟ್ಟುತ್ತದೆ, ಹಳೆಯದು ಅಳಿಯದೆ ಹಿಂದೆ ಉಳಿಯುತ್ತದೆ. ದೊಡ್ಡ ಫೈಲು ರಾತ್ರಿಯ ಹೊತ್ತು ಸಾವಕಾಶವಾಗಿ ಸಮುದ್ರ ದಾಟಿದರೂ ನಡೆಯುತ್ತದೆ. ರಿಜಿಸ್ಟರಿನ ಒಂದು ಸಾಲು ಮಾತ್ರ ತಕ್ಷಣ ದಾಟಲೇಬೇಕು, ಅದು ಕೆಲವೇ ಕಿಲೋಬೈಟಿನ ಮಾತು.

ಇದನ್ನು ಬಿಟ್ಟು ಸಿಂಕ್ ಮಾಡುವ ಫೋಲ್ಡರುಗಳ ಮೊರೆಹೋದರೆ ಅಪಾಯ ಮೆಲ್ಲಗೆ ಬರುತ್ತದೆ. ಆಟೊಕ್ಯಾಡ್ ಒಂದು ಫೈಲು ತೆರೆದಾಗ ಪಕ್ಕದಲ್ಲೇ ಡಿಡಬ್ಲ್ಯುಎಲ್ ಎಂಬ ಪುಟ್ಟ ಫೈಲೊಂದನ್ನು ಇಡುತ್ತದೆ. ಯಾರು ತೆರೆದಿದ್ದಾರೆ ಎಂಬುದು ಅದರಲ್ಲಿರುತ್ತದೆ. ಒಂದೇ ಸರ್ವರಿನಲ್ಲಿ ಕೆಲಸ ಮಾಡುವವರಿಗೆ ಆ ಬೀಗ ಸರಿಯಾಗಿ ನಡೆಯುತ್ತದೆ. ಎರಡು ಊರಿನಲ್ಲಿ ಎರಡು ಸರ್ವರಿಟ್ಟು ನಡುವೆ ಸಿಂಕ್ ಹಾಕಿದರೆ, ಆ ಕಡೆಯ ಬೀಗ ಈ ಕಡೆಗೆ ಹೊತ್ತಿಗೆ ಸರಿಯಾಗಿ ಮುಟ್ಟುವ ಭರವಸೆಯಿಲ್ಲ. ಇಬ್ಬರೂ ತೆರೆಯುತ್ತಾರೆ, ಇಬ್ಬರೂ ಸೇವ್ ಮಾಡುತ್ತಾರೆ. ವಿಂಡೋಸ್ ಸರ್ವರಿನ ಡಿಎಫ್‌ಎಸ್ ರೆಪ್ಲಿಕೇಷನ್ ಕೊನೆಗೆ ಬರೆದವರ ಪ್ರತಿಯನ್ನು ಉಳಿಸಿಕೊಂಡು ಇನ್ನೊಬ್ಬರದನ್ನು ಮರೆಯಲ್ಲಿರುವ ಫೋಲ್ಡರೊಂದಕ್ಕೆ ಸರಿಸಿಬಿಡುತ್ತದೆ. ಡ್ರಾಪ್‌ಬಾಕ್ಸಿನಂಥವು ಎರಡನ್ನೂ ಇಟ್ಟು ಒಂದಕ್ಕೆ ‘ಕಾನ್‌ಫ್ಲಿಕ್ಟೆಡ್ ಕಾಪಿ’ ಎಂದು ಹೆಸರಿಡುತ್ತವೆ. ಯಾರೂ ಎಚ್ಚರಿಸುವುದಿಲ್ಲ, ಎಲ್ಲಿಯೂ ಕೆಂಪು ದೀಪ ಹೊತ್ತಿಕೊಳ್ಳುವುದಿಲ್ಲ. ಕಳೆದುಹೋದ ಅರ್ಧ ದಿನದ ಕೆಲಸ ಗೊತ್ತಾಗುವುದು ಭಾಗ ತಯಾರಾಗಿ ಜೋಡಿಸುವಾಗ. ಬಿಲ್ಲು, ಕೊಟೇಷನ್ನು, ಫೋಟೊಗಳಿಗೆ ಸಿಂಕ್ ಒಳ್ಳೆಯದು. ಒಬ್ಬರಿಗಿಂತ ಹೆಚ್ಚು ಜನ ತಿದ್ದುವ ಕ್ಯಾಡ್ ಫೈಲಿಗೆ ಅದು ಬೇಡವೇ ಬೇಡ.

ಇನ್ನೊಂದು ದಾರಿಯೂ ಇದೆ, 2020ರ ಮಾರ್ಚಿನ ಲಾಕ್‌ಡೌನ್ ಅದನ್ನು ಬೆಂಗಳೂರಿಗೆ ಚೆನ್ನಾಗಿ ಕಲಿಸಿತು. ಫೈಲನ್ನು ಎಲ್ಲಿಗೂ ಕಳಿಸುವುದೇ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಇರುವ ವರ್ಕ್‌ಸ್ಟೇಷನ್ ಸರ್ವರಿನ ಪಕ್ಕದಲ್ಲೇ ಇರುತ್ತದೆ. ಎಂಜಿನಿಯರ್ ಎಲ್ಲೋ ಕೂತು ಅದರ ಪರದೆಯನ್ನಷ್ಟೇ ನೋಡುತ್ತ ಮೌಸ್ ಆಡಿಸುತ್ತಾರೆ. ಗೋಪ್ಯ ಕಾಪಾಡಲು ಇದಕ್ಕಿಂತ ಒಳ್ಳೆಯದು ಕಷ್ಟ. ಬೆಂಗಳೂರೊಳಗೆ ಇದು ಸಲೀಸು. ಖಂಡ ದಾಟಿದರೆ ಮಾಡೆಲನ್ನು ತಿರುಗಿಸುವಾಗ ಕೈಗೂ ಕಣ್ಣಿಗೂ ತಾಳ ತಪ್ಪುತ್ತದೆ.

ತಂತಿ, ಸರ್ವರು, ತಂತ್ರಾಂಶ ಎಲ್ಲವೂ ಉತ್ತಮ ದರ್ಜೆಯವೇ ಆಗಿದ್ದು, ಒಪ್ಪಂದವೊಂದು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಏರ್‌ಬಸ್ ಎ380 ಸಾಕ್ಷಿ. ಆ ವಿಮಾನದೊಳಗೆ ಸುಮಾರು 530 ಕಿಲೋಮೀಟರ್ ಉದ್ದದ ವೈರಿಂಗ್ ಇದೆ. ಜರ್ಮನಿ ಮತ್ತು ಸ್ಪೇನಿನ ತಂಡಗಳು ಕಟಿಯಾ ತಂತ್ರಾಂಶದ ನಾಲ್ಕನೇ ಆವೃತ್ತಿಯಲ್ಲಿದ್ದವು. ಫ್ರಾನ್ಸ್ ಮತ್ತು ಬ್ರಿಟನ್ನಿನ ತಂಡಗಳು ಐದಕ್ಕೆ ಹೋಗಿದ್ದವು. ಒಂದರ ಬದಲಾವಣೆ ಇನ್ನೊಂದಕ್ಕೆ ಪೂರ್ತಿಯಾಗಿ ದಾಟಲಿಲ್ಲ. ಹ್ಯಾಂಬರ್ಗಿನಲ್ಲಿ ತಯಾರಾದ ವೈರಿನ ಕಟ್ಟುಗಳನ್ನು ತುಲೂಸಿನಲ್ಲಿ ಜೋಡಿಸಲು ಹೋದಾಗ ಅವು ಗಿಡ್ಡವಾಗಿದ್ದವು. 2006ರಲ್ಲಿ ವಿಳಂಬದ ಮೇಲೆ ವಿಳಂಬ ಘೋಷಣೆಯಾಗಿ, ಕಂಪನಿಯ ಮುಖ್ಯಸ್ಥರು ಬದಲಾಗಿ, ಮೊದಲ ವಿಮಾನ ಗ್ರಾಹಕನ ಕೈಸೇರಿದ್ದು 2007ರ ಅಕ್ಟೋಬರಿನಲ್ಲಿ. ಏರ್‌ಬಸ್ ನಮಗೆ ದೂರದ ಹೆಸರೇನಲ್ಲ. ಎ320 ವಿಮಾನದ ರೆಕ್ಕೆಗೆ ಬೇಕಾದ ಫ್ಲ್ಯಾಪ್ ಟ್ರ್ಯಾಕ್ ಬೀಮುಗಳನ್ನು ಮಾಡುವ ಡೈನಮ್ಯಾಟಿಕ್ ಟೆಕ್ನಾಲಜೀಸ್ ಬೆಳೆದದ್ದು ಪೀಣ್ಯದಲ್ಲೇ. ಆ ಮಟ್ಟದ ಕಾರ್ಖಾನೆಗಳಿಗೆ ಗ್ರಾಹಕನ ರಿವಿಜನ್ ಶಿಸ್ತು ಕೆಲಸದ ಜತೆಗೇ ಬರುತ್ತದೆ. ನನಗೆ ಚಿಂತೆ ಅವುಗಳ ಹಿಂದಿನ ಬೀದಿಯ, ಹತ್ತು-ಹದಿನೈದು ಜನರ ಘಟಕಗಳದ್ದು.

ಆ ಘಟಕಗಳ ಹುಡುಗರಿಗೆ ತಿಳಿವಳಿಕೆ ಕಡಿಮೆ ಎಂದು ಭಾವಿಸಬಾರದು. ಡೆನ್ಮಾರ್ಕಿನ ನೆರವಿನಿಂದ 1972ರಲ್ಲಿ ಶುರುವಾದ ಜಿಟಿಟಿಸಿಯಲ್ಲೋ ಎನ್‌ಟಿಟಿಎಫ್‌ನಲ್ಲೋ ಕಲಿತು ಬಂದವರು ಇಲ್ಲಿ ಎಷ್ಟೋ ಜನ. ಡ್ರಾಯಿಂಗಿನ ಒಂದು ಟಾಲರೆನ್ಸ್ ನೋಡಿ ಇದು ಯಾವ ಮೆಷಿನ್ನಿಗೆ ಹೋಗಬೇಕು ಎಂದು ಹೇಳಬಲ್ಲವರು. ಅವರ ಕೈಗೆ ಮಾಡೆಲ್ ಬರುವ ದಾರಿ ಮಾತ್ರ ಹರಕು ಮುರುಕು. ಸ್ಟೆಪ್ ಫೈಲು ಜಿಮೇಲಿನಲ್ಲಿ, ಪಿಡಿಎಫ್ ವಾಟ್ಸಾಪಿನಲ್ಲಿ, ತಿದ್ದುಪಡಿ ಫೋನಿನಲ್ಲಿ, ತುರ್ತಾದರೆ ಪೆನ್‌ಡ್ರೈವ್ ಹಿಡಿದ ಹುಡುಗ ಮೆಟ್ರೊದಲ್ಲಿ. ಪ್ರೋಗ್ರಾಮರಿನ ಡೆಸ್ಕ್‌ಟಾಪಿನಲ್ಲಿ ‘ಫೈನಲ್’, ‘ಫೈನಲ್ 2’, ‘ಫೈನಲ್ ಓಕೆ’ ಎಂಬ ಮೂರು ಫೈಲುಗಳು ಸಾಲಾಗಿ ಕೂತಿರುತ್ತವೆ. ಸ್ಟೆಪ್ ಫೈಲಿನ ಒಳಗೆ ಆಕಾರ ಇದ್ದರೂ ಅದಕ್ಕೆ ಯಾರು ಒಪ್ಪಿಗೆ ಕೊಟ್ಟರು, ಈಗಲೂ ಅದು ಚಾಲ್ತಿಯಲ್ಲಿದೆಯೇ ಎಂಬುದು ಅದನ್ನು ತೆರೆದವರಿಗೆ ತಿಳಿಯುವುದಿಲ್ಲ.

ಸಣ್ಣ ಘಟಕವೊಂದು ಶುರುಮಾಡಲು ದೊಡ್ಡ ಬಂಡವಾಳ ಬೇಕಿಲ್ಲ. ನಾಲ್ಕು ಡಿಸ್ಕು ಹಿಡಿಸುವ, ನೆಟ್‌ವರ್ಕಿನಲ್ಲಿ ಫೈಲು ಹಂಚುವ ನ್ಯಾಸ್ ಪೆಟ್ಟಿಗೆ, ಒಂದು ಯುಪಿಎಸ್, ಸ್ಟ್ಯಾಟಿಕ್ ಐಪಿ ಇರುವ ಫೈಬರ್ ಸಂಪರ್ಕ, ಬೇರೆ ಕಂಪನಿಯಿಂದ ಇನ್ನೊಂದು ಅಗ್ಗದ ಸಂಪರ್ಕ. ಎರಡನೆಯದು ಬೇರೆ ಕಂಬ, ಬೇರೆ ಚರಂಡಿಯ ದಾರಿಯಲ್ಲಿ ಬಂದರಷ್ಟೇ ಉಪಯೋಗ. ರಸ್ತೆ ಅಗೆಯುವ ಜೆಸಿಬಿ ಒಂದೇ ಏಟಿಗೆ ಎರಡನ್ನೂ ಕಿತ್ತರೆ ಏನು ಬಂತು? ಯುಪಿಎಸ್ ಎಂದರೆ ಕರೆಂಟು ಹೋದಾಗ ಪೆಟ್ಟಿಗೆಗೆ ಸುದ್ದಿ ಮುಟ್ಟಿಸಿ, ಅದು ತಾನಾಗಿಯೇ ಸರಿಯಾಗಿ ಶಟ್‌ಡೌನ್ ಆಗುವಂತೆ ಕೇಬಲ್ ಸಿಕ್ಕಿಸಿದ್ದಿರಬೇಕು. ಏಪ್ರಿಲ್-ಮೇ ತಿಂಗಳ ಗಾಳಿಮಳೆಯಲ್ಲಿ ಕರೆಂಟು ಹೋಗಿ ಬಂದು ಆಡುವಾಗ ಡಿಸ್ಕುಗಳು ಸಾಯುವುದು ಹಾಗೆ ಸರಿಯಾಗಿ ಶಟ್‌ಡೌನ್ ಆಗದಿದ್ದರೆ. ಪೆಟ್ಟಿಗೆ ಇಡುವ ಜಾಗವೂ ಮುಖ್ಯ. 2022ರ ಸೆಪ್ಟೆಂಬರಿನ ಮಳೆಯಲ್ಲಿ ಮಹದೇವಪುರ, ಹೊರವರ್ತುಲ ರಸ್ತೆಯ ಬೇಸ್‌ಮೆಂಟುಗಳು ಕೆರೆಗಳಾದವು. ಸರ್ವರ್ ಮತ್ತು ಯುಪಿಎಸ್ ಮೊದಲ ಮಹಡಿಯಲ್ಲಿರಲಿ, ಗ್ರೈಂಡಿಂಗ್ ಧೂಳು ಬಾರದ ಕೋಣೆಯಲ್ಲಿರಲಿ. ಕಬ್ಬಿಣದ ಹುಡಿ ವಿದ್ಯುತ್ತನ್ನು ಹರಿಸುತ್ತದೆ, ಸರ್ವರಿನ ಫ್ಯಾನು ಅದನ್ನೇ ಒಳಗೆ ಎಳೆದುಕೊಳ್ಳುತ್ತದೆ.

ಮುಂದಿನ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು. ಹೊರಗಿನಿಂದ ತೆರೆಯಲು ಅನುಕೂಲವೆಂದು ರೌಟರಿನಲ್ಲಿ ಪೋರ್ಟ್ ತೆರೆದಿಡಬೇಡಿ. 2017ರ ಮೇ ತಿಂಗಳ ವನ್ನಾಕ್ರೈ ಹರಡಿದ್ದು ಎಸ್‌ಎಂಬಿಯ ಹಳೆಯ ಆವೃತ್ತಿಯ ಬಿರುಕಿನಿಂದ. 2022ರಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ ನೇರವಾಗಿ ಗುರಿಯಿಟ್ಟದ್ದು ಇಂಟರ್ನೆಟ್ಟಿಗೆ ಬಾಗಿಲು ತೆರೆದಿದ್ದ ನ್ಯಾಸ್ ಪೆಟ್ಟಿಗೆಗಳಿಗೇ. ಎರಡು ಕಚೇರಿಯ ನಡುವೆ ವಿಪಿಎನ್ ಸುರಂಗ ಹಾಕಿಸಿ, ಒಳಗೆ ಬರುವ ಪ್ರತಿಯೊಬ್ಬರಿಗೂ ಅವರವರದೇ ಲಾಗಿನ್ ಕೊಡಿ. ‘ಡಿಸೈನ್’ ಎಂಬ ಒಂದೇ ಯೂಸರ್, ಎಲ್ಲರಿಗೂ ಗೊತ್ತಿರುವ ಒಂದೇ ಪಾಸ್‌ವರ್ಡ್ ಇದ್ದರೆ ಯಾರು ಏನು ತಿದ್ದಿದರು ಎಂಬುದು ಎಂದಿಗೂ ತಿಳಿಯದು. 2022ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ಸೈಬರ್ ದಾಳಿಯಾದರೆ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗುಗಳನ್ನು 180 ದಿನ ಇಟ್ಟುಕೊಳ್ಳಬೇಕು. ಅದಕ್ಕೂ ಈ ಬೇರೆ ಬೇರೆ ಲಾಗಿನ್ನೇ ಆಧಾರ. ರೇಡ್ ಹಾಕಿಸಿದ್ದೇವೆ, ಬ್ಯಾಕಪ್ ಏಕೆ ಎನ್ನುವವರಿದ್ದಾರೆ. ಒಂದು ಡಿಸ್ಕು ಸತ್ತರೆ ರೇಡ್ ಕಾಪಾಡುತ್ತದೆ. ಯಾರೋ ಫೋಲ್ಡರನ್ನೇ ಅಳಿಸಿದರೆ ಅಥವಾ ವೈರಸ್ ಬೀಗ ಜಡಿದರೆ ಅದು ಎಲ್ಲ ಡಿಸ್ಕಿನಲ್ಲೂ ಅಷ್ಟೇ ನಿಷ್ಠೆಯಿಂದ ನಡೆದುಹೋಗುತ್ತದೆ. ಬೇರೆ ಕಟ್ಟಡದಲ್ಲಿ, ತಂತಿ ಕಿತ್ತಿಟ್ಟ ಒಂದು ಪ್ರತಿ ಇರಲೇಬೇಕು. ಅದರಿಂದ ತಿಂಗಳಿಗೊಮ್ಮೆ ಯಾವುದಾದರೂ ಒಂದು ಅಸೆಂಬ್ಲಿಯನ್ನು ಹಿಂಪಡೆದು ಕ್ಯಾಡಿನಲ್ಲಿ ತೆರೆದು ನೋಡಬೇಕು. ಫೈಲಿನ ಹೆಸರು ಕಂಡರೆ ಸಾಲದು, ಒಳಗಿನ ಭಾಗಗಳೆಲ್ಲ ಜೋಡಿಕೊಂಡು ಬರಬೇಕು.

ದೊಡ್ಡ ಕೇಂದ್ರಗಳಂತೆ ರಿಜಿಸ್ಟರ್ ಇಡುವ ಪಿಡಿಎಂ ತಂತ್ರಾಂಶ ಕೊಳ್ಳುವ ಶಕ್ತಿ ಬರುವವರೆಗೆ ಮೂರು ಫೋಲ್ಡರುಗಳಿಂದಲೂ ಬಹಳಷ್ಟು ಸಾಧಿಸಬಹುದು: ನಡೆಯುತ್ತಿರುವ ಕೆಲಸ, ಬಿಡುಗಡೆಯಾದದ್ದು, ರದ್ದಾದದ್ದು. ಬಿಡುಗಡೆಯ ಫೋಲ್ಡರಿಗೆ ಬರೆಯುವ ಅಧಿಕಾರ ಒಬ್ಬರಿಗೆ, ಅವರು ರಜೆ ಹಾಕಿದಾಗ ಇನ್ನೊಬ್ಬರಿಗೆ. ಉಳಿದವರೆಲ್ಲ ಓದಬಹುದು ಅಷ್ಟೇ. ಫೈಲಿನ ಹೆಸರೆಂದರೆ ಪಾರ್ಟ್ ನಂಬರ್ ಮತ್ತು ರಿವಿಜನ್, ಬೇರೇನೂ ಬೇಡ. ಸಿಎನ್‌ಸಿ ಪ್ರೋಗ್ರಾಮಿನ ಮೊದಲ ಸಾಲಿನಲ್ಲೂ ಅದೇ ಪಾರ್ಟ್ ನಂಬರು, ಅದೇ ರಿವಿಜನ್ ಇದ್ದರೆ ಆಪರೇಟರ್ ಮೆಷಿನ್ನಿನ ಪರದೆಯನ್ನೂ ಪ್ರಿಂಟನ್ನೂ ಒಟ್ಟಿಗೆ ನೋಡಿ ತಾಳೆ ಹಾಕುತ್ತಾರೆ.

ಆದರೆ ಪೂರ್ತಿ ಭಾರವನ್ನು ಪೀಣ್ಯದವರ ಮೇಲೆ ಹೊರಿಸುವುದು ನ್ಯಾಯವಲ್ಲ. ವೈಟ್‌ಫೀಲ್ಡಿನ ರಿಜಿಸ್ಟರಿನಲ್ಲಿ ರೆವ್ ಡಿ ಬಿಡುಗಡೆಯಾದ ನಿಮಿಷವೇ ಅದು ಗೊತ್ತಿರುವ ಯಂತ್ರವೊಂದು ಅಲ್ಲಿದೆ. ಆ ಸುದ್ದಿ ಪರ್ಚೇಸ್ ವಿಭಾಗದ ಇನ್‌ಬಾಕ್ಸಿನಲ್ಲಿ ಕೂರುವ ಬದಲು, ಆ ಪಾರ್ಟಿನ ಪಿಒ ಹಿಡಿದಿರುವ ಟೂಲ್‌ರೂಮಿಗೆ ನೇರವಾಗಿ ಹೋಗುವಂತೆ ಮಾಡುವುದು ದೊಡ್ಡ ಕೆಲಸವಲ್ಲ. ಓದಲು ಮಾತ್ರ ಅವಕಾಶವಿರುವ ವೆಂಡರ್ ಲಾಗಿನ್, ಅದರಲ್ಲಿ ಆ ವೆಂಡರಿಗೆ ಸೇರಿದ ಭಾಗಗಳಷ್ಟೇ ಕಾಣುವ ಪುಟ, ತೆರೆದು ನೋಡಿದ್ದಕ್ಕೆ ದಾಖಲೆ. ರಕ್ಷಣಾ ಇಲಾಖೆಯ ಭಾಗಗಳಿಗೆ, ರಫ್ತು ನಿಯಂತ್ರಣದ ಪಟ್ಟಿಯಲ್ಲಿರುವ ವಸ್ತುಗಳಿಗೆ ಹೆಚ್ಚಿನ ಕಾವಲು ಬೇಕು ಎಂಬುದು ನಿಜ. ವಾಟ್ಸಾಪಿನಲ್ಲಿ ಓಡಾಡುವ ಪಿಡಿಎಫ್‌ಗಿಂತ ಈ ಪುಟವೇ ಅಂಥ ಕಾವಲಿಗೂ ಅನುಕೂಲ. ಪ್ರಿಂಟಿನ ಮೂಲೆಯಲ್ಲಿ ಒಂದು ಕ್ಯೂಆರ್ ಕೋಡ್ ಹಾಕಿದರೆ ಸೆಟ್ಟರ್ ತನ್ನ ಮೊಬೈಲಿನಲ್ಲೇ ಅದನ್ನು ಸ್ಕ್ಯಾನ್ ಮಾಡಿ, ಕೈಯಲ್ಲಿರುವ ರಿವಿಜನ್ ಇಂದಿಗೂ ಚಾಲ್ತಿಯಲ್ಲಿದೆಯೇ ಎಂದು ನೋಡಬಹುದು.

ಇದನ್ನು ಎಲ್ಲ ವೆಂಡರುಗಳಿಗೂ ಒಂದೇ ದಿನ ಹಬ್ಬಿಸಲು ಹೋದರೆ ಕೈಕೊಡುತ್ತದೆ. ಪದೇಪದೇ ರಿವಿಜನ್ ಬದಲಾಗುವ ಒಂದು ಪಾರ್ಟ್ ಫ್ಯಾಮಿಲಿ, ಅದನ್ನು ಮಾಡುವ ಒಂದು ಟೂಲ್‌ರೂಮು ಆರಿಸಿಕೊಂಡರೆ ಸಾಕು. ಎಂಜಿನಿಯರಿಂಗ್ ಕೇಂದ್ರದ ಐಟಿಯವರೊಬ್ಬರು, ಡಿಸೈನ್ ಮಾಡಿದವರೊಬ್ಬರು ಪೀಣ್ಯಕ್ಕೆ ಹೋಗಿ ಸೂಪರ್‌ವೈಸರಿನ ಪಕ್ಕದಲ್ಲಿ ಒಂದು ಪೂರ್ತಿ ಶಿಫ್ಟ್ ಕೂತು, ಡ್ರಾಯಿಂಗು ಯಾವ ದಾರಿಯಲ್ಲಿ ಬಂದು ಯಾರ ಕೈ ದಾಟಿ ಮೆಷಿನ್ ಸೇರುತ್ತದೆ ಎಂದು ನೋಡಬೇಕು. ರೆವ್ ಡಿ ಬಂದ ದಿನ ಹಳೆಯ ರೆವ್ ಸಿ ಪ್ರಿಂಟನ್ನು ಬೋರ್ಡಿನಿಂದ ಯಾರು ತೆಗೆಯಬೇಕು, ತೆಗೆದದ್ದನ್ನು ಎಲ್ಲಿ ಬರೆದಿಡಬೇಕು ಎಂಬುದನ್ನೂ ಅದೇ ದಿನ, ಅಲ್ಲಿಯೇ ಕೂತು ತೀರ್ಮಾನಿಸಬೇಕು.